ಒಂದು ಜೋರು, ಎರಡು ಮೆಲ್ಲಗೆ

ಆಗ ನನಗೆ ಮೂವತ್ತನಾಲ್ಕು. ಮೂವತ್ತು ವರ್ಷದ ಮೇಲಾಯಿತು. ಮೊನ್ನೆ ಪಕ್ಕದ ಕೋಣೆಗೆ ಸುಣ್ಣ ಬಳಿಸಲು ಬೀಗ ತೆಗೆದಾಗ ಗೂಡಿನಲ್ಲಿ ಮಗ್ಗದ ಹಳೇ ಲಾಳಿ ಸಿಕ್ಕಿತು. ಮೂಗಿಗೆ ಹಿಡಿದರೆ ರೇಷ್ಮೆಯ ವಾಸನೆಯಿಲ್ಲ, ಸೀಮೆಸುಣ್ಣದ ವಾಸನೆ.

ಮೊಳಕಾಲ್ಮೂರಿನಲ್ಲಿ ನಮ್ಮದು ಸೀರೆ ನೇಯುವ ಮನೆ. ಮಗ್ಗದ ಗೋಡೆಯಾಚೆಯ ಕೋಣೆಯಲ್ಲಿ ಇಂಗ್ಲಿಷ್ ಟೀಚರ್ ಬಾಡಿಗೆಗಿದ್ದರು. ರಾಯದುರ್ಗದ ಕಡೆಯ ತೆಲುಗರು, ಒಂಟಿ. ನನ್ನ ಮಗಳಿಗೆ ತೊದಲು. ತರಗತಿಯಲ್ಲಿ ಎದ್ದು ನಿಂತರೆ ಮಾತೇ ಹೊರಡದು. ಬಾಯಿ ಬಿಡದಿದ್ದರೆ ಬೇಸಿಗೆಗೆ ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸುತ್ತೇನೆ ಎಂದಿದ್ದೆ. ಸುಮ್ಮನೆ ಹೆದರಿಸಲು ಅಂದದ್ದಲ್ಲ.

ಟೀಚರ್ ನನ್ನಿಂದ ಒಂದು ಸವೆದ ಲಾಳಿ ಕೇಳಿ ಪಡೆದು ಮಗಳಿಗೆ ಹೇಳಿದರು, "ಎರಡು ಪದ ಕೂಡಿ ಒಂದಾದ್ರೆ ಮೊದಲನೇದಕ್ಕೆ ಜೋರು ಪೆಟ್ಟು ಅಮ್ಮಾಯಿ, ಆಮೇಲಿಂದು ಎಷ್ಟು ತುಂಡೋ ಅಷ್ಟು ಸಲ ಮೆಲ್ಲಗೆ. ಸಮ ಹೊಡೆದ್ರೆ ಯಾವುದೋ ಕಪ್ಪು ಹಲಗೆ ಆಗ್ತೈತೆ, ನಮ್ಮ ಶಾಲೆ ಬ್ಲ್ಯಾಕ್‌ಬೋರ್ಡ್ ಆಗಲ್ಲ." ಸಂಜೆ ಅವರು ಆಚೆಯಿಂದ ಗೋಡೆ ಬಡಿಯುವರು, ಇವಳು ಈಚೆಯಿಂದ ಆ ಪೆಟ್ಟಿಗೆ ಹೊಂದುವ ಪದ ಹೇಳುವಳು. ಎದುರಿಗೆ ಮುಖವಿಲ್ಲದ್ದಕ್ಕೋ ಏನೋ, ತೊದಲುತ್ತಿರಲಿಲ್ಲ…

ಟೀಚರ್ ಕಾಯಿಲೆ ಬಿದ್ದು ಚಳ್ಳಕೆರೆ ಆಸ್ಪತ್ರೆಗೆ ಹೋದವರು ಅಲ್ಲೇ ತೀರಿಕೊಂಡರು. ಮಗಳಿಗೆ ಹೇಳಲಿಲ್ಲ. ಹೇಳಿದರೆ ಬಂದ ಮಾತೂ ಹೋದೀತು. ವಾಪಸ್ ಬಂದಿದ್ದಾರೆ, ಅಂಟುರೋಗ, ಹತ್ತಿರ ಹೋಗಬೇಡ ಅಂದೆ. ಸಂಜೆ ಕಟ್ಟಿಗೆಯ ನೆಪದಲ್ಲಿ ಆಚೆ ಕೋಣೆಯ ಬೀಗ ತೆಗೆದು ಅದೇ ಲಾಳಿಯಿಂದ ಟಕ್ ಟಕ್ ಎಂದು ನಾನೇ ಬಡಿದು, ಬಂದು ಮಗ್ಗಕ್ಕೆ ಕೂರುತ್ತಿದ್ದೆ. ಅದರ ಸದ್ದಿಗೆ ನನಗೆ ಬೇರೇನೂ ಕೇಳುತ್ತಿರಲಿಲ್ಲ.

ಒಂದು ಸಂಜೆ ಸಾಹುಕಾರರು ರೇಷ್ಮೆ ತಂದಿದ್ದರು. ನಾನು ಆಚೆ ಹೋಗಿರಲಿಲ್ಲ, ಮಗ್ಗವೂ ನಿಂತಿತ್ತು. ಆ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಒಳಗಿಂದ ಮಗಳ ದನಿ ಬಂತು, "ಸನ್‌ಫ್ಲವರ್."

"ಯಾರಿಗೇ ಹೇಳ್ತಿದೀಯ?"

"ಟೀಚರ್‌ಗೆ."

"ಇಷ್ಟು ದಿನ ಬಡಿದೋಳು ನಾನು ಕಣೇ."

ಅವಳು ನಕ್ಕಳು. "ಗೊತ್ತವ್ವ. ನೀನು ಎರಡನ್ನೂ ಸಮ ಬಡೀತೀಯ, ಮಗ್ಗದ ತರ. ನೀನು ಈಚೆ ಬಂದ್ಮೇಲೆ ಟೀಚರ್ ಸರಿ ಮಾಡಿ ಬಡೀತಾರೆ."

ಗೋಡೆಗೆ ಅಂಗೈ ಇಟ್ಟೆ. ಒಂದು ಜೋರು. ಎರಡು ಮೆಲ್ಲಗೆ… ಸನ್‌ಫ್ಲವರ್‌ನಂಥ ಮೂರು ಪೆಟ್ಟಿನ ಪದ ನನಗೆ ಯಾರೂ ಕಲಿಸಿರಲಿಲ್ಲ.

ಮಗಳೀಗ ಚಳ್ಳಕೆರೆಯ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಬಾಯಿ ಮುಚ್ಚದೆ ಮಾತಾಡುತ್ತಾಳೆ. ಟೀಚರ್ ಇಲ್ಲ. ಗೋಡೆಯೂ ಸುಮ್ಮನಾಗಿ ಎಷ್ಟೋ ಕಾಲವಾಯಿತು. ಆದರೂ ಮಗ್ಗ ನಿಂತಾಗ ನನ್ನ ಕಿವಿ ಅತ್ತಲೇ ಹೋಗುತ್ತದೆ.

ಆ ಮೂರು ಪೆಟ್ಟು ಕೇಳಿದ ಮರುದಿನ ಬೆಳಗ್ಗೆ ಬೀಗ ತೆಗೆದು ನಾನು ಬಡಿಯುತ್ತಿದ್ದ ಲಾಳಿಯನ್ನು ಅವರ ಗೂಡಿನಲ್ಲಿಟ್ಟು ಮತ್ತೆ ಬೀಗ ಹಾಕಿದೆ. ಮಗಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದೆ.