ದುರ್ಗದ ಮೇಲೆ ತೆಗೆದ ಮದುವೆ ಫೋಟೋ

ಮದುವೆ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು. ಛತ್ರದಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ನನ್ನ ಕೈ ಅಲುಗುವುದಿಲ್ಲ ಎಂದು ಮಧುಗಿರಿಯಲ್ಲೆಲ್ಲ ಜಂಬ ಕೊಚ್ಚಿಕೊಂಡು ಓಡಾಡಿದವನು ನಾನು. ಆ ಜಂಬ ಇಳಿದದ್ದು ಹೋದ ವರ್ಷ, ಚನ್ನರಾಯನದುರ್ಗದ ಬೆಟ್ಟದ ಮೇಲೆ, ನನ್ನನ್ನೂ ಸೇರಿಸಿ ಐದೇ ಜನರಿದ್ದ ಒಂದು ಮದುವೆಯಲ್ಲಿ.

ಹುಡುಗಿಯ ಅಪ್ಪ ನಮ್ಮ ಬೀದಿಯ ತಲೆಯಲ್ಲೇ ಪಾತ್ರೆ ಅಂಗಡಿ ಇಟ್ಟವರು. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಸ್ಟುಡಿಯೋಗೆ ಬಂದು, ಗಿರಾಕಿಗಳಿಗೆಂದು ಹಾಕಿದ ಕುರ್ಚಿಯಲ್ಲಿ ಕೂತು, ನನ್ನ ಪೇಪರನ್ನು ನನಗಿಂತ ಮೊದಲು ಓದಿ, ಕಾಫಿ ಕುಡಿದು ಹೋಗುವುದು ಅವರ ಪದ್ಧತಿ. ಮಗಳ ಸ್ಕೂಲಿನ ಐಡಿ ಕಾರ್ಡಿನಿಂದ ಹಿಡಿದು ಗಂಡಿನ ಕಡೆಯವರಿಗೆ ಕಳಿಸಲು ಸೀರೆ ಉಡಿಸಿ ನಿಲ್ಲಿಸಿದ ಫೋಟೋವರೆಗೆ ಎಲ್ಲ ತೆಗೆದವನು ನಾನೇ. ಒಂದರಲ್ಲೂ ಅವಳು ಕ್ಯಾಮೆರಾ ನೋಡಿದವಳಲ್ಲ. "ತಲೆ ಎತ್ತಮ್ಮ" ಎಂದು ಹೇಳಿ ಹೇಳಿ ನನಗೇ ರೇಗುತ್ತಿತ್ತು.

ಒಂದು ಮಧ್ಯಾಹ್ನ ಅವಳೇ ಒಬ್ಬ ಹುಡುಗನನ್ನು ಕರೆದುಕೊಂಡು ಬಂದು ಸ್ಟುಡಿಯೋ ಬಾಗಿಲು ಮುಂದಕ್ಕೆಳೆದಳು. ಹುಡುಗ ಪಾವಗಡದ ಕಡೆಯ ಒಕ್ಕಲು ಮನೆಯವನು, ಅಲ್ಲಿನ ಸೋಲಾರ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಜಾತಿ ಬೇರೆ. ಅವಳಪ್ಪ ಒಪ್ಪುವ ಮಾತೇ ಇಲ್ಲ.

"ಅಣ್ಣ, ರಿಜಿಸ್ಟ್ರಿಗೆ ತಾಳಿ ಕಟ್ಟಿರೋ ಫೋಟೋ ಇಡ್ಬೇಕಂತೆ. ಮೊಬೈಲ್ನಾಗೆ ಹೆಂಗೆಂಗೋ ಬತ್ತದೆ. ನೀವೇ ಬರ್ಬೇಕು."

"ನಿಮ್ಮಪ್ಪಂಗೆ ಗೊತ್ತಾದ್ರೆ?"

"ಗೊತ್ತಾಗ್ಲೇಬೇಕಲ್ಲಣ್ಣ. ಕಟ್ಟಿದ್ಮೇಲೆ ಗೊತ್ತಾಗ್ಲಿ."

ಆಗಲ್ಲ ಎನ್ನಲೆಂದೇ ಬಾಯಿ ತೆರೆದೆ. ಇಪ್ಪತ್ಮೂರು ವರ್ಷದ ಆ ಹುಡುಗಿ ಮೊದಲ ಸಲ ಸೀದಾ ನನ್ನ ಮುಖ ನೋಡುತ್ತಿದ್ದಳು. ಹೂಂ ಅಂದುಬಿಟ್ಟೆ. ನನ್ನ ಹೆಸರು ಎಲ್ಲೂ ಬರಕೂಡದು ಎಂದು ಅವಳಿಂದ ಆಣೆ ಹಾಕಿಸಿಕೊಂಡೆ. ನಾನು ಹುಟ್ಟಾ ಪುಕ್ಕಲ, ಅದರಲ್ಲಿ ಮುಚ್ಚಿಡುವುದೇನಿಲ್ಲ.

ಊರಿನ ಪೂಜಾರಿಗಳೆಲ್ಲ ಅವಳಪ್ಪನಿಗೆ ಗೊತ್ತಿದ್ದವರು. ಅದಕ್ಕೇ ಬೆಟ್ಟ. ಒಂದು ಮಂಗಳವಾರ ಬೆಳಿಗ್ಗೆ ದುರ್ಗ ಹತ್ತಿದೆವು. ಸಾಕ್ಷಿಗೆಂದು ಹುಡುಗನ ಜೊತೆ ಕೆಲಸ ಮಾಡುವ ಇಬ್ಬರು ಸಿರಾದಿಂದ ಬಂದಿದ್ದರು. ಅವರಲ್ಲೊಬ್ಬ ನನ್ನ ಮುಖ ನೋಡಿ "ಫಿಕರ್ ಮಾಡ್ಬ್ಯಾಡಿ ಸಾರ್" ಅನ್ನುತ್ತಲೇ ಇದ್ದ. ಅವನು ಅಂದಷ್ಟೂ ನಾನು ಹಿಂದೆ ತಿರುಗಿ ದಾರಿ ನೋಡುತ್ತಿದ್ದೆ. ಮೊದಲೇ ನನಗೆ ಎತ್ತರವೆಂದರೆ ಆಗುವುದಿಲ್ಲ. ನುಣ್ಣನೆಯ ಬಂಡೆಯ ಮೇಲೆ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈ ನೆಲಕ್ಕೆ ಊರಿ, ಅಂಬೆಗಾಲಿಡುವ ಮಗುವಿನ ಹಾಗೆ ಹೋದೆ.

ಅರ್ಧ ಬೆಟ್ಟದಲ್ಲಿ ಒಂದು ಬಸವಣ್ಣನ ಕಲ್ಲು. ಅದರ ಮುಂದೆ ಹುಡುಗ ಅರಿಶಿನದ ಕೊಂಬು ಕಟ್ಟಿದ ದಾರ ತೆಗೆದ. ಕೆಳಗೆ ರಸ್ತೆಯಲ್ಲಿ ಒಂದು ಬೈಕಿನ ಸದ್ದಾದರೂ ಐದೂ ಜನರ ಕತ್ತು ಅತ್ತ ತಿರುಗುತ್ತಿತ್ತು. ಹುಡುಗನ ಕೈಯಲ್ಲಿ ಗಂಟು ಮೂರು ಸಲ ಜಾರಿ, ನಾಲ್ಕನೇ ಸಲ ಬಿತ್ತು. ಅಷ್ಟು ಹೊತ್ತೂ "ಏಂ ಕಾದು, ಏಂ ಕಾದು", ಏನೂ ಆಗಲ್ಲ ಎಂದು ತೆಲುಗಿನಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನಾನು ಕ್ಯಾಮೆರಾ ಒತ್ತುತ್ತಲೇ ಇದ್ದೆ, ಅರ್ಧಕ್ಕರ್ಧ ಅಲುಗಿ ಮಸುಕಾದವು. ಪ್ರತಿ ಫೋಟೋದಲ್ಲೂ ಅವಳು ಕೆಳಗಿನ ದಾರಿ ನೋಡುತ್ತಿದ್ದಳು, ಕಣ್ಣಲ್ಲಿ ನೀರು.

"ಅಣ್ಣ, ಅಳೋ ಹಂಗೆ ಬಂದಿದ್ರೆ ಅದು ಬ್ಯಾಡ. ಬಲವಂತಕ್ಕೆ ಕಟ್ಟವ್ರೆ ಅಂತಾರೆ. ಇನ್ನೊಂದು ತೆಗೀರಿ."

ಹಾಗೆಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹುಡುಗನ ಕೈ ಹಿಡಿದು, ತಾಳಿ ಕಾಣುವಂತೆ ಎದೆಯ ಮೇಲೆ ಬಿಟ್ಟುಕೊಂಡು, ತಲೆ ಎತ್ತಿ ಕ್ಯಾಮೆರಾ ನೋಡಿದಳು. ಅದೊಂದನ್ನೇ ಪ್ರಿಂಟ್ ಹಾಕಿಕೊಟ್ಟೆ, ಅದೊಂದನ್ನೇ ಅವಳ ಫೋನಿಗೂ ಕಳಿಸಿದೆ. ನನ್ನ ಪ್ರತಿ ಫೋಟೋದ ಮೂಲೆಯಲ್ಲೂ ಸ್ಟುಡಿಯೋ ಹೆಸರು ಇರುತ್ತದೆ. ಇದರಲ್ಲಿ ಅಳಿಸಿದೆ.

ಮೂರನೇ ದಿನ ಅವಳಪ್ಪ ಸ್ಟುಡಿಯೋಗೆ ಬಂದರು. ಪೇಪರ್ ಮುಟ್ಟಲಿಲ್ಲ. ಎರಡು ದಿನದಿಂದ ನಾನು ಅವರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಅವರು ಫೋನು ತೆಗೆದು ಮಗಳು ಕಳಿಸಿದ್ದ ಫೋಟೋ ತೋರಿಸಿದರು.

"ಇದು ಕಂಪ್ಯೂಟರ್ನಾಗೆ ಮಾಡಿರೋದು ಕಣಯ್ಯ. ನನ್ನ ಮಗಳು ಹಿಂಗೆ ತಲೆ ಎತ್ತಿ ನೋಡ್ದೋಳೇ ಅಲ್ಲ, ನಿಂಗೇ ಗೊತ್ತಲ್ಲ. ಆ ಹುಡುಗ ಎತ್ತಾಕ್ಕೊಂಡ್ ಹೋಗವ್ನೆ ಅಂತ ಕಂಪ್ಲೇಂಟ್ ಕೊಟ್ಟಿವ್ನಿ. ಇಬ್ರುನ್ನೂ ಸ್ಟೇಷನ್ಗೆ ಕರ್ಸವ್ರೆ. ಫೋಟೋ ಯಾರು ತೆಗುದ್ರು ಅಂದ್ರೆ, ಯಾರೋ ದಾರಿಲಿ ಹೋಗೋರು ಅಂತಾಳೆ. ನೀನು ಫೋಟೋದೋನು. ಬಂದು ಇದು ಸುಳ್ಳು ಅಂತ ಒಂದ್ ಮಾತು ಹೇಳ್ಬುಡು."

ಅವಳು ನನಗೆ ಕೊಟ್ಟ ಮಾತು ಉಳಿಸಿಕೊಂಡು ಪೊಲೀಸರ ಮುಂದೆ ಸುಳ್ಳುಗಾತಿಯಾಗಿ ನಿಂತಿದ್ದಳು. ನಾನು ಹೂಂ ಅಂದರೆ ಆ ಹುಡುಗ ಒಳಗೆ, ಇವಳು ಮನೆಗೆ. ಸುಮ್ಮನಿದ್ದರೂ ಹೆಚ್ಚುಕಡಿಮೆ ಅದೇ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಬೀರುವಿನಿಂದ ಕ್ಯಾಮೆರಾ ತೆಗೆದು ಆನ್ ಮಾಡಿ ಅವರ ಕೈಗೆ ಕೊಟ್ಟೆ. "ನಾನೇ ತೆಗ್ದಿದ್ದು" ಎಂದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ.

ಅವರು ಹೊಡೆಯಲಿಲ್ಲ. ಒಂದೊಂದೇ ಒತ್ತುತ್ತಾ ನೋಡಿದರು. ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಮಗಳು ಬಂಡೆ ಹತ್ತುವುದು, ಹುಡುಗನ ಕೈಯಲ್ಲಿ ಜಾರಿದ ಗಂಟು, ಅವಳ ಒದ್ದೆ ಕಣ್ಣು.

"ಎಲ್ಲಾದ್ರಾಗೂ ಕೆಳಕ್ಕೇ ನೋಡ್ತಾವ್ಳಲ್ಲ, ಯಾಕೆ?"

"ನೀವು ಬಂದ್ಬುಡ್ತೀರೇನೋ ಅಂತ."

ಅವರು ಕ್ಯಾಮೆರಾ ಮೇಜಿನ ಮೇಲಿಟ್ಟು ಎದ್ದರು. "ನಡಿ" ಎಂದರು. ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಸ್ಟೇಷನ್ನಿನಲ್ಲಿ ಎಲ್ಲ ಹೇಳಿದೆ. ಅವಳೇ ಬಂದು ಕರೆದದ್ದು, ಅವಳೇ ಇನ್ನೊಂದು ತೆಗೀರಿ ಅಂದದ್ದು, ಹೆಸರು ಅಳಿಸಿದವನು ನಾನೆಂಬುದು. ಹುಡುಗಿ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಅಪ್ಪ ಅವಳ ಕಡೆ ನೋಡದೆಯೇ ಕಂಪ್ಲೇಂಟ್ ವಾಪಸ್ ತೆಗೆದುಕೊಳ್ಳುವ ಕಾಗದಕ್ಕೆ ಸಹಿ ಹಾಕಿದರು. ಹುಡುಗ ಹುಡುಗಿ ಇಬ್ಬರೂ ಪಾವಗಡದ ಬಸ್ಸು ಹತ್ತಿದರು.

ವಾಪಸ್ ಬರುವಾಗ ಅವಳಪ್ಪ ಮತ್ತೆ ನನ್ನ ಬೈಕಿನ ಹಿಂದೆಯೇ ಕೂತರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ನಾನು ಕತ್ತು ಕುಗ್ಗಿಸಿಕೊಂಡೇ ಓಡಿಸುತ್ತಿದ್ದೆ. ಸರ್ಕಲ್ ದಾಟಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಆವತ್ತು ನಿನ್ನ ಹತ್ರ ಬಂದ್ಲಲ್ಲ," ಎಂದರು. "ನಂಗೆ ಒಂದ್ ಮಾತು ಹೇಳ್ದೆ, ನಮ್ಮ ಅಂಗಡಿ ದಾಟ್ಕೊಂಡೇ ಅಲ್ವೇನಯ್ಯ ಬಂದಿದ್ದು?"