ನಾಲ್ಕನೇ ಹೆಜ್ಜೆ

ಮೊನ್ನೆ ಮನೆಯಲ್ಲಿ ಬಿಸಿಲಿಗೆ ಹಾಕಿದ್ದ ಹಳೆಯ ದಿಂಬೊಂದು ಹೊಲಿಗೆ ಬಿಟ್ಟು, ಒಳಗಿನ ಹತ್ತಿ ಕೈಗೆ ಬಂತು. ಬಿಸಿಲಿಗೆ ಕಾದ ಹತ್ತಿಗೆ ಒಂದು ವಾಸನೆಯಿದೆ. ಸ್ವಲ್ಪ ಧೂಳಿನದು, ಸ್ವಲ್ಪ ಒಣಬೀಜದ್ದು. ಮೂಗಿಗೆ ಹಿಡಿದೆ. ತುಮಕೂರಿನ ಪೇಟೆಬೀದಿಯ ನಮ್ಮ ಹಾಸಿಗೆ ಅಂಗಡಿ, ಅದರ ಹಿಂದಿನ ಎರಡು ಕೋಣೆಯ ಮನೆ, ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್, ಎಲ್ಲವೂ ಒಮ್ಮೆಲೇ ಎದ್ದು ಬಂದವು. ಆ ಕಟ್ಟಡ ಈಗಿಲ್ಲ. ಮಾರಿದವನು ನಾನೇ.

ನಮ್ಮ ತಂದೆ, ಅಬ್ಬಾ, ಒಳಗೆ ಹತ್ತಿ ಹಿಂಜುತ್ತಿದ್ದರು. ರೆಪ್ಪೆಯ ಮೇಲೆಲ್ಲ ಹತ್ತಿಯ ನವಿರು ಕೂತು ಮಧ್ಯಾಹ್ನದ ಹೊತ್ತಿಗೇ ಮುದುಕರಂತೆ ಕಾಣುತ್ತಿದ್ದರು. ಬೆಲೆ ಒಪ್ಪದೆ ಎದ್ದುಹೋದ ಗಿರಾಕಿಯನ್ನು ಹಿಂದಕ್ಕೆ ಕರೆಯುವುದೆಂದರೆ ಅವರಿಗೆ ಅವಮಾನ. ಆ ಕೆಲಸ ಅವರ ತಾಯಿ, ನಮ್ಮ ದಾದಿಯದು. ಜಗಲಿಯ ಕಂಬಕ್ಕೆ ಒರಗಿ, ಎಲೆಯಡಿಕೆ ಜಗಿಯುತ್ತಾ ಕೂತಿರುತ್ತಿದ್ದಳು. ನಿಮಗೂ ನೆನಪಿರಬಹುದು, ಆಗ ಪಾತ್ರೆಯವರು, ಬಳೆಯವರು, ಸೀರೆಯವರು ಎಲ್ಲರೂ ಹೊರಟವರನ್ನು ಕೂಗಿ ಕರೆಯುವವರೇ. ಸಂಜೆಯ ಹೊತ್ತು ಬೀದಿಯೇ ಯಾರನ್ನೋ ಮನೆಗೆ ಕರೆಯುತ್ತಿದೆ ಎನಿಸುತ್ತಿತ್ತು. "ಮುಖ ನೋಡ್ಬೇಡ ಕಣೋ, ಹಿಮ್ಮಡಿ ನೋಡು" ಎಂದು ದಾದಿ ಹೇಳಿಕೊಟ್ಟಳು. ಕೊಳ್ಳುವ ಮನಸ್ಸಿದ್ದವರ ಹಿಮ್ಮಡಿ ಮೂರನೇ ಹೆಜ್ಜೆಗೆ ನಿಧಾನವಾಗುತ್ತದೆ, ನಾಲ್ಕನೆಯದಕ್ಕೆ ಕರೆಯಬೇಕು. ಮೊದಲೇ ಕರೆದರೆ ನೀವು ಸೋತಿರಿ, ತಡ ಮಾಡಿದರೆ ಪಕ್ಕದ ಅಂಗಡಿ ಗೆದ್ದಿತು. ಒಮ್ಮೆ ಮಗಳ ಮದುವೆಗೆ ಹಾಸಿಗೆ ಬೇಕೆಂದು ಗುಬ್ಬಿ ಕಡೆಯ ಹೆಂಗಸೊಬ್ಬಳು ಬಂದಳು. "ಬುಡಜ್ಜಿ, ನಮ್ ಗುಬ್ಬೀಲೇ ತಗೋತೀನಿ" ಎಂದು ಸೆರಗು ಕೊಡವಿ ಎದ್ದಳು. ಒಂದು, ಎರಡು, ಮೂರು. "ಏ ಅವ್ವಾ, ಬಾ ಇಲ್ಲಿ! ಹಾಸಿಗೆ ಬ್ಯಾಡ ಬುಡು, ನೀರಾದ್ರೂ ಕುಡ್ದೋಗು." ಆಕೆ ತಿರುಗಿ, "ನೀರಿಗೂ ರೇಟ್ ಹೇಳ್ಬುಡಜ್ಜಿ ಮೊದ್ಲು!" ಎಂದಳು. ಇಬ್ಬರೂ ನಕ್ಕರು. ನಗುತ್ತಾ ಕೂತವಳು ಹಾಸಿಗೆಯ ಜೊತೆ ಎರಡು ದಿಂಬನ್ನೂ ಹೊರಿಸಿಕೊಂಡು ಹೋದಳು.

ಈ ವಿದ್ಯೆಯಿಂದಲೇ ನಾನು ಮೇಲೆ ಬಂದೆ, ಅಂತರಸನಹಳ್ಳಿಯಲ್ಲಿ ಫೋಮ್ ಹಾಸಿಗೆಯ ಗೋಡೌನ್ ಮಾಡಿದೆ. ದಾದಿ ತೀರಿಕೊಂಡಿದ್ದಳು, ಅಬ್ಬಾ ವ್ಯವಹಾರವೆಲ್ಲ ನನಗೇ ಬಿಟ್ಟಿದ್ದರು. ಶೋರೂಮಿನವರು ಬಂದು ಅಂಗಡಿ, ಮನೆ ಎರಡನ್ನೂ ಕೇಳಿದರು. ಮಾತುಕತೆಗೆ ಹೋದಾಗ ಬೆಲೆ ಸಾಲದೆಂದು ನಾನು ಅವರ ಆಫೀಸಿನ ಕುರ್ಚಿಯಿಂದ ಎದ್ದೆ, ಬೇಕೆಂದೇ ಹಿಮ್ಮಡಿ ನಿಧಾನ ಮಾಡಿದೆ. ನಾಲ್ಕನೇ ಹೆಜ್ಜೆಗೆ ಕರೆದರು. ಗೆದ್ದ ಖುಷಿಯಲ್ಲಿ ಸ್ವೀಟ್ ಬಾಕ್ಸ್ ಹಿಡಿದು ಬಂದರೆ ಅಬ್ಬಾ ಮುಟ್ಟಲೇ ಇಲ್ಲ. "ಕರೆದ್ರಾ?" ಎಂದರು. "ಕರೀದೇ ಇದ್ದಿದ್ರೆ ಉಳೀತಿತ್ತು ಕಣೋ." ಜಾಗ ಮಾರುವವರಿಗೆ ನನ್ನದೊಂದು ಬುದ್ಧಿಮಾತು: ಬೆಲೆ ಕುದುರಿಸುವ ಮೊದಲು ಅಲ್ಲಿ ಒಂದು ಸಂಜೆ ಸುಮ್ಮನೆ ಕೂತು ಬನ್ನಿ. ನಾನು ಕೂರಲಿಲ್ಲ.

ಆ ಹಳೇ ದಿಂಬಿನ ಹತ್ತಿ ಹಿಂಜಿಸೋಣವೆಂದು ಅದೇ ಬೀದಿಗೆ ಹೋದೆ. ಹಿಂಜುವವರು ಯಾರೂ ಉಳಿದಿಲ್ಲ. ಉದ್ದಕ್ಕೂ ಗಾಜಿನ ಬಾಗಿಲುಗಳು, ಒಳಗೆ ಎಸಿ. ಯಾರ ದನಿಯೂ ಹೊರಗೆ ಬರದು. ನಮ್ಮ ಜಾಗದ ಶೋರೂಮಿಗೆ ಹೊಕ್ಕು, ಒಂದು ದಿಂಬು ಎತ್ತಿಕೊಂಡು, "ಕೊನೇ ರೇಟ್ ಹೇಳಮ್ಮ" ಎಂದೆ. "ಫಿಕ್ಸೆಡ್ ಅಂಕಲ್, ಸ್ಟಿಕ್ಕರ್ ಮೇಲೇ ಇದ್ಯಲ್ಲ" ಎಂದಳು ಕೌಂಟರಿನ ಹುಡುಗಿ, ನಯವಾಗಿಯೇ. ದಿಂಬು ಇಟ್ಟು ಹೊರಟೆ. ಒಂದು, ಎರಡು. ದಾದಿಯ ಜಗಲಿ ಇದ್ದ ಕಡೆ, ಮೂರನೆಯದಕ್ಕೆ, ನನಗೇ ತಿಳಿಯದೆ ಹಿಮ್ಮಡಿ ನಿಧಾನವಾಯಿತು. ನಾಲ್ಕನೆಯದನ್ನು ಇಡುವ ಮೊದಲೇ ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು.