ಮುಟ್ಟಬಾರದ ಗೋಡೆ

ಕಲೆ ಬಿದ್ದ ಗೋಡೆ ಕಂಡರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಊಟಕ್ಕೆ ಕರೆದವರ ಮನೆಯಲ್ಲೂ ಕಣ್ಣು ತಾಟಿನ ಮೇಲಿರುವುದಿಲ್ಲ, ಮೂಲೆಯ ಕಲೆಯ ಮೇಲಿರುತ್ತದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟು ಗದಗಿನಲ್ಲಿ ಸುಣ್ಣದ ಬಕೀಟು ಹಿಡಿದವನು ನಾನು. ಈಗ ಸಿಯಾಟಲ್ ಸುತ್ತಲಿನ ಮನೆಗಳಿಗೆ ಬಣ್ಣ ಹಚ್ಚುತ್ತೇನೆ. ನಾನು ಹಚ್ಚಿದ ಗೋಡೆಯಲ್ಲಿ ಬ್ರಶ್ಶಿನ ಗೆರೆ ಹುಡುಕಿ ತೋರಿಸಿದವರು ಇನ್ನೂ ಸಿಕ್ಕಿಲ್ಲ.

ಅಂಥವನ ಮನೆಯಲ್ಲೇ ಬೂಷ್ಟು ಬಂತು. ನಾರ್ತ್ ಕ್ರೀಕ್ ಹತ್ತಿರದ ಬಾಡಿಗೆ ಮನೆ, ಮಲಗುವ ಕೋಣೆಯ ಗೋಡೆಯ ಬುಡಕ್ಕೆ ಕಪ್ಪು ಚುಕ್ಕೆಗಳು. ನನಗೇನು ಬೂಷ್ಟು ಹೊಸದೇ? ಉಪ್ಪಿನಕಾಯಿ ಮೇಲೆ ಬಂದದ್ದನ್ನು ಕೆರೆದು ಊಟ ಮುಂದುವರಿಸಿದ ಪೈಕಿ ನಾವು. ಊರಲ್ಲಿ ತಿಂಗಳಾದರೂ ಖಡಕ್ಕಾಗಿರುವ ಜೋಳದ ರೊಟ್ಟಿಗೆ ಇಲ್ಲಿ ವಾರದೊಳಗೆ ಗಡ್ಡ ಬರುತ್ತದೆ. ಗೋಡೆಗೂ ಬಂದಿದೆ, ಬೋಳಿಸಿದರಾಯಿತು ಎಂದು ಒರೆಸಿ ಮೇಲೊಂದು ಕೈ ಬಣ್ಣ ಎಳೆದೆ. ಮತ್ತೆ ಬಂತು. ಜೊತೆಗೆ ನನ್ನ ಹೆಂಡತಿ ಶಾಂತಾಳಿಗೆ ಕೆಮ್ಮೂ ಬಂತು. ಹೊರಗಿದ್ದರೆ ಕಡಿಮೆ, ಆ ಕೋಣೆಗೆ ಹೋದರೆ ಶುರು. ಡಾಕ್ಟರು ಔಷಧಿ ಬರೆದು, "ಮೊದಲು ಆ ಗೋಡೆ ಸರಿ ಮಾಡಿಸಿ" ಅಂದರು.

ಮನೆ ಮಾಲೀಕನಿಗೆ ಫೋನು ಮಾಡಿದೆ. ಅವನ ಮ್ಯಾನೇಜರು ನೋಡಲು ಬರುತ್ತೇನೆ ಅಂದಾಗಲೆಲ್ಲ, ಅವನು ಬರುವಷ್ಟರಲ್ಲಿ ಗೋಡೆಯನ್ನು ಹಾಲಿನಂತೆ ಮಾಡಿಡುತ್ತಿದ್ದೆ. ಮನೆಗೆ ಬಂದವರಿಗೆ ಹೊಲಸು ತೋರಿಸುವುದೇ? ನಮ್ಮ ಕಡೆ ದೀಪಾವಳಿ ಬರಲಿ, ಹೆಣ್ಣು ನೋಡುವವರು ಬರಲಿ, ಮೊದಲು ಗೋಡೆಗೆ ಸುಣ್ಣ. ಒಲೆಯ ಹೊಗೆ, ಮಕ್ಕಳ ಕೈಗುರುತು, ಜಗಳದಲ್ಲಿ ಎಸೆದ ಚಹಾದ ಕಲೆ, ಎಲ್ಲ ಅದರ ಹೊಟ್ಟೆಯೊಳಗೆ. ಮ್ಯಾನೇಜರು ಬರುತ್ತಿದ್ದ, ಬಿಳಿ ಗೋಡೆ ನೋಡುತ್ತಿದ್ದ, "ಮನೆ ಬಹಳ ಚೆನ್ನಾಗಿಟ್ಟಿದ್ದೀರಿ" ಎಂದು ಹೊಗಳಿ ಹೋಗುತ್ತಿದ್ದ. ನಾನೂ ಉಬ್ಬಿ ಬಾಗಿಲ ತನಕ ಕಳಿಸಿ ಬರುತ್ತಿದ್ದೆ. ಒಳಗೆ ಶಾಂತಾ ಕೆಮ್ಮುತ್ತಿದ್ದಳು.

ಕೊನೆಗೆ ಅವಳ ತಮ್ಮ ಗಿರೀಶ ನನ್ನನ್ನು ಎಳೆದುಕೊಂಡು ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ಗೆ ಹೋದ. ಅಲ್ಲಿ ಬಾಡಿಗೆದಾರರಿಗೆ ಪುಕ್ಕಟೆ ಸಲಹೆ ಕೊಡುವ ವಕೀಲರೊಬ್ಬರಿದ್ದರು. ನಾನು ಕರಿ ಕೋಟು ಹುಡುಕಿದೆ. ಆಕೆ ಸ್ವೆಟರು ತೊಟ್ಟು, ಸೈಕಲ್ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಎಲ್ಲ ಕೇಳಿ, "ಗೋಡೆಯ ಫೋಟೋ ಇದೆಯೇ?" ಅಂದರು. ಇಲ್ಲದೆ ಏನು! ಒಂದೊಂದಾಗಿ ತೋರಿಸಿದೆ. ಎಲ್ಲವೂ ಬಣ್ಣ ಹಚ್ಚಿದ ಮೇಲೆ ತೆಗೆದವು.

ಗಿರೀಶ ಹಣೆ ಹಿಡಿದುಕೊಂಡ. "ಮಾಮಾ, ನಾವು ಕಂಪ್ಲೇಂಟ್ ಕೊಡಾಕ ಬಂದೀವೋ, ನಿಮಗ ಕೆಲಸ ಹುಡುಕಾಕ ಬಂದೀವೋ?"

ವಕೀಲರು ನಗಲಿಲ್ಲ. "ಬಾಯಿಮಾತು ಸಾಲದು, ಮಾಲೀಕನಿಗೆ ಪತ್ರ ನಾನು ಬರೆಯುತ್ತೇನೆ, ಡಾಕ್ಟರ ಚೀಟಿ ಕೊಡಿ, ಆ ಕೋಣೆ ಮುಚ್ಚಿ ಬೇರೆ ಕಡೆ ಮಲಗಿ, ತೇವ ಪರೀಕ್ಷೆ ಮಾಡುವವರು ಬರುವ ತನಕ ಗೋಡೆ ಮುಟ್ಟಬೇಡಿ" ಅಂದರು.

ಮುಟ್ಟಬೇಡಿ! ಕೆಲಸ ಮಾಡುವುದನ್ನು ಬೈದು ಕಲಿಸಿದ ಗದಗಿನ ಮೇಸ್ತ್ರಿ, ಮಾಡದೆ ಇರುವುದನ್ನು ಕಲಿಸಿರಲಿಲ್ಲ. ಬೂಷ್ಟು ಮಾತ್ರ ಅಪ್ಪಣೆ ಸಿಕ್ಕಂತೆ ಹಬ್ಬಿತು. ನಾನು ಬಾಗಿಲು ತೆರೆದು ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಶಾಂತಾ ಬ್ರಶ್ಶುಗಳನ್ನೆಲ್ಲ ಬಚ್ಚಿಟ್ಟು, "ಯಾಕ್ರೀ, ಹೆರಿಗಿ ಕ್ವಾಣಿ ಮುಂದ ತಿರಗಿದಂಗ ತಿರಗಾಕತ್ತೀರಿ? ಕುಂದರ್ರಿ ಒಂದ್ ಕಡೆ" ಅಂದಳು.

ಪರೀಕ್ಷೆಯವನು ಬಂದ, ಮ್ಯಾನೇಜರೂ ಬಂದ. ಗೋಡೆಗೆ ತೇವ ಅಳೆಯುವ ಯಂತ್ರ ತಾಗಿಸಿದರೆ ಅದು ಕಿರುಚಿತು. ಮ್ಯಾನೇಜರು ನನ್ನ ಕಡೆ ತಿರುಗಿದ: "ನೀವು ಪೇಂಟರ್ ಅಲ್ಲವೇ? ಬಣ್ಣ ನಾವು ಕೊಡುತ್ತೇವೆ. ನಿಮ್ಮಷ್ಟು ಚೆನ್ನಾಗಿ ಯಾರು ಹಚ್ಚುತ್ತಾರೆ?"

ಸುಳ್ಳು ಹೇಳಲಾರೆ, ಕೈ ತುರಿಸಿತು. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಶಾಂತಾ ಕೆಮ್ಮಿದಳು. ಮನೆ ಬಾಗಿಲಿಗೆ ಬಂದ ಕೆಲಸವನ್ನು ನಾನು ಬೇಡ ಅಂದದ್ದು ಅದೇ ಮೊದಲು. "ಹಚ್ಚೋದಿಲ್ಲ. ಗೋಡೆ ಒಡೆಸಿ."

ವಕೀಲರು ಇನ್ನೊಂದು ಪತ್ರ ಬರೆದ ಮೇಲೆ ಒಡೆಸಿದರು. ಒಳಗೆ ನೀರಿನ ಪೈಪು ಸೋರಿ ಸೋರಿ ಗೋಡೆಯ ಹಲಗೆ ಅವಲಕ್ಕಿಯಂತೆ ನೆಂದಿತ್ತು. ಈಗ ಪೈಪೂ ಹೊಸದು, ಹಲಗೆಯೂ ಹೊಸದು. ಶಾಂತಾ ಆ ಕೋಣೆಯಲ್ಲೇ ಮಲಗುತ್ತಾಳೆ. ಕೆಮ್ಮು ಹೋಗಿ ಗೊರಕೆ ಬಂದಿದೆ.

ಬಣ್ಣ ಮಾತ್ರ ಇನ್ನೂ ಹಚ್ಚಿಲ್ಲ. "ಪೇಂಟರ್ ಮನಿ ಗ್ವಾಡಿ ಹಿಂಗ್ಯಾಕ ಮಾಮಾ?" ಎಂದು ಗಿರೀಶ ಕೆಣಕುತ್ತಾನೆ. ನಾನು ದಿನಾ ಮುಂಜಾನೆ ಬುಡಕ್ಕೆ ಅಂಗೈ ಇಟ್ಟು ನೋಡುತ್ತೇನೆ. ಒಣಗಿದೆ. ಆದರೂ ಗೋಡೆ ಹೇಳುವುದನ್ನೆಲ್ಲ ಹೇಳಿ ಮುಗಿಸಲಿ, ಆಮೇಲೆ ಬಾಯಿ ಮುಚ್ಚಿಸಿದರಾಯಿತು. ಬಕೀಟನ್ನು ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ಆ ಮಾತು ಬೇರೆ.